ಗಡಿ ದಾಟುವ ಬಂದೂಕು: ಪ್ರವಾಸ ಹೊರಡುವ ವರ್ತಕರು ತಿಳಿದಿರಬೇಕಾದ ಕಾನೂನು

ಚಾಮರಾಜನಗರ ಜಿಲ್ಲೆಯು ಕರ್ನಾಟಕದ ದಕ್ಷಿಣದ ತುದಿಯಲ್ಲಿದ್ದು ತಮಿಳುನಾಡು ಮತ್ತು ಕೇರಳ ಎರಡೂ ರಾಜ್ಯಗಳಿಗೆ ಹೊಂದಿಕೊಂಡಿದೆ. ಹರವೆ, ತೆರಕಣಾಂಬಿ, ಬೇಗೂರು, ಗುಂಡ್ಲುಪೇಟೆ ಭಾಗದ ಅರಿಶಿನ, ಬಾಳೆ, ತರಕಾರಿ ಹಾಗೂ ಹೂವಿನ ವ್ಯಾಪಾರಿಗಳಿಗೆ ಊಟಿ, ಸುಲ್ತಾನ್ ಬತ್ತೇರಿ, ಕಲ್ಲಿಕೋಟೆ, ಸತ್ಯಮಂಗಲಗಳು ದೂರದ ಊರುಗಳೇನಲ್ಲ. ವ್ಯವಹಾರಕ್ಕಾಗಿ ಮೇಲಿಂದ ಮೇಲೆ ಗಡಿ ದಾಟುವವರು ಇರುವಂತೆಯೇ, ಬೇಸಿಗೆ ಮತ್ತು ದಸರೆಯ ರಜೆಗಳಲ್ಲಿ ಸಂಸಾರ ಸಮೇತ ಊಟಿ, ವಯನಾಡುಗಳಿಗೆ ಹೋಗಿಬರುವ ವರ್ತಕ ಕುಟುಂಬಗಳೂ ಅನೇಕ.

ಇವರಲ್ಲಿ ಕೆಲವರು ಬಂದೂಕು ಪರವಾನಗಿ ಹೊಂದಿದವರು. ನಗದು ಹಣದ ಓಡಾಟ, ಊರಾಚೆಯ ಗೋದಾಮು, ಒಂಟಿ ಮನೆ, ತೋಟದ ಬೆಳೆ ಮುಂತಾದ ಕಾರಣಗಳಿಂದ ಪರವಾನಗಿ ಪಡೆದವರಿದ್ದಾರೆ. ಊರಿನಲ್ಲಿದ್ದಾಗ ಧೈರ್ಯಕ್ಕೆಂದು ಇಟ್ಟುಕೊಂಡ ಆಯುಧವನ್ನು ಪ್ರವಾಸಕ್ಕೂ ಕಾರಿನಲ್ಲಿಟ್ಟುಕೊಂಡು ಹೊರಡುವುದು ಕೆಲವರ ಅಭ್ಯಾಸ. "ಪರವಾನಗಿ ಇದೆಯಲ್ಲ, ಹೆದರಿಕೆ ಏಕೆ?" ಎಂಬುದು ಅವರ ಸಹಜವಾದ ಮಾತು. ಆದರೆ ಕಾನೂನಿನ ದೃಷ್ಟಿಯಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಊರಿನಲ್ಲಿ ಸಂಪೂರ್ಣ ಕಾನೂನುಬದ್ಧವಾಗಿದ್ದ ಅದೇ ಬಂದೂಕು, ಒಂದೆರಡು ಗಂಟೆಗಳ ಪ್ರಯಾಣದೊಳಗೆ ಅದರ ಮಾಲೀಕರನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಲ್ಲದು. ಅದು ಹೇಗೆ, ಅದನ್ನು ತಪ್ಪಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ವರ್ತಕರು ಹೊರಡುವ ಮುನ್ನವೇ ತಿಳಿದಿರುವುದು ಒಳ್ಳೆಯದು.

ಪರವಾನಗಿಯಲ್ಲಿ ಅಡಕವಾಗಿರುವ ನಾಲ್ಕು ಮಾತುಗಳು

ಭಾರತದಲ್ಲಿ ಬಂದೂಕುಗಳಿಗೆ ಸಂಬಂಧಿಸಿದ ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಇದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರ ಅಡಿಯಲ್ಲಿ ಮೊದಲು 1962ರ ನಿಯಮಗಳಿದ್ದವು. ಅವುಗಳ ಜಾಗಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳು ಬಂದಿವೆ. ಕಾಯ್ದೆಗೆ 2019ರಲ್ಲಿ ಮಹತ್ವದ ತಿದ್ದುಪಡಿಯಾಯಿತು. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಪರವಾನಗಿಯ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಏರಿತು, ಶಿಕ್ಷೆಗಳು ಹೆಚ್ಚಿದವು. ತಾತ ಮುತ್ತಾತಂದಿರ ಕಾಲದಿಂದ ಬಂದ ಬಂದೂಕೂ ಈ ಎರಡರ ಲೆಕ್ಕಕ್ಕೇ ಸೇರುತ್ತದೆ.

ಅಮೆರಿಕದಂತಹ ದೇಶದಲ್ಲಿ ಪ್ರತಿಯೊಂದು ರಾಜ್ಯಕ್ಕೂ ಬೇರೆ ಬೇರೆ ಬಂದೂಕು ಕಾನೂನುಗಳಿದ್ದು, ಒಂದು ರಾಜ್ಯದ ಅನುಮತಿ ಪತ್ರಕ್ಕೆ ಇನ್ನೊಂದು ರಾಜ್ಯದಲ್ಲಿ ಬೆಲೆ ಇಲ್ಲದಿರುವುದು ಉಂಟು. ಭಾರತದ ಸ್ಥಿತಿ ಬೇರೆ. ಇಲ್ಲಿ ಕಾಯ್ದೆ ಇಡೀ ದೇಶಕ್ಕೆ ಒಂದೇ. ವ್ಯತ್ಯಾಸವಿರುವುದು ಪರವಾನಗಿಯಲ್ಲಿ. ಪ್ರತಿ ಪರವಾನಗಿಯಲ್ಲಿಯೂ ನಾಲ್ಕು ಮಾತುಗಳು ಅಡಕವಾಗಿರುತ್ತವೆ: ಯಾರಿಗೆ, ಯಾವ ಆಯುಧಕ್ಕೆ, ಯಾವ ಉದ್ದೇಶಕ್ಕೆ, ಯಾವ ಪ್ರದೇಶದಲ್ಲಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಪರವಾನಗಿಯ ರಕ್ಷಣೆ ದೊರೆಯುವುದು ಕಷ್ಟ.

"ಯಾರಿಗೆ" ಎಂಬಲ್ಲಿ ಹೆಸರಿರುವುದು ಮಾಲೀಕರದು. ಚಾಲಕನದಾಗಲಿ ಅಂಗಡಿಯ ಗುಮಾಸ್ತನದಾಗಲಿ ಅಲ್ಲ. ಮಾಲೀಕರ ಸಮಕ್ಷಮದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇಲೆ, ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ ಅಥವಾ ಮಾಲೀಕರದೇ ಬಳಕೆಗೆ ಮಾತ್ರ ಇನ್ನೊಬ್ಬರು ಅದನ್ನು ಒಯ್ಯಲು ಕಾಯ್ದೆಯ 3ನೇ ಕಲಮಿನಲ್ಲಿ ಅವಕಾಶವಿದೆ. "ಯಜಮಾನರ ಬಂದೂಕು" ಎಂದು ಚಾಲಕನು ಒಬ್ಬನೇ ವಸೂಲಿ ಹಣದೊಂದಿಗೆ ಒಯ್ದರೆ ಅದು ಈ ವಿನಾಯಿತಿಗೆ ಒಳಪಡುವುದಿಲ್ಲ.

"ಯಾವ ಉದ್ದೇಶಕ್ಕೆ" ಎಂಬುದೂ ಅಷ್ಟೇ ಮುಖ್ಯ. ಹರವೆ ಭಾಗದ ಅನೇಕ ವರ್ತಕರು ಕೃಷಿಕರೂ ಆಗಿದ್ದಾರೆ. ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿಯು ಜಮೀನಿನ ಕಾವಲಿಗೆ ಕೊಟ್ಟದ್ದು. ಹಣದ ಚೀಲದ ಕಾವಲಿಗೋ ಪ್ರವಾಸದ ಧೈರ್ಯಕ್ಕೋ ಕೊಟ್ಟದ್ದಲ್ಲ.

"ಯಾವ ಪ್ರದೇಶದಲ್ಲಿ" ಎಂಬ ನಾಲ್ಕನೆಯ ಮಾತೇ ಪ್ರವಾಸಿಗರನ್ನು ಹೆಚ್ಚಾಗಿ ತೊಂದರೆಗೆ ಒಡ್ಡುವುದು. ಪರವಾನಗಿಯು ಒಂದು ಜಿಲ್ಲೆಗೆ, ಕೆಲವು ಜಿಲ್ಲೆಗಳಿಗೆ, ಇಡೀ ರಾಜ್ಯಕ್ಕೆ ಅಥವಾ ಇಡೀ ದೇಶಕ್ಕೆ ಅನ್ವಯಿಸುವಂತೆ ಇರಬಹುದು. ಯಾವುದು ಎಂಬುದನ್ನು ಪರವಾನಗಿಯಲ್ಲಿಯೇ ಬರೆದಿರಲಾಗುತ್ತದೆ. ವರ್ಷಗಳ ಹಿಂದೆ ಪರವಾನಗಿ ಪಡೆದು ಪೆಟ್ಟಿಗೆಯಲ್ಲಿಟ್ಟವರು ಆ ಸಾಲನ್ನು ಮತ್ತೊಮ್ಮೆ ಓದಿ ನೋಡುವುದು ಒಳಿತು.

ಹರವೆಯಿಂದ ಊಟಿಗೆ: ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹರವೆಯ ಅರಿಶಿನದ ವರ್ತಕರೊಬ್ಬರ ಬಳಿ ಆತ್ಮರಕ್ಷಣೆಗೆಂದು ಪಡೆದ ರಿವಾಲ್ವರ್ ಇದೆ. ಪರವಾನಗಿಯ ವ್ಯಾಪ್ತಿ ಕರ್ನಾಟಕ ರಾಜ್ಯ. ಅವರು ಪತ್ನಿ, ಮಕ್ಕಳು ಹಾಗೂ ಭಾವಮೈದುನನೊಂದಿಗೆ ಕಾರಿನಲ್ಲಿ ಊಟಿಗೆ ಹೊರಡುತ್ತಾರೆ. ರಿವಾಲ್ವರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿದೆ; ಪರವಾನಗಿ ಮನೆಯ ಬೀರುವಿನಲ್ಲಿದೆ.

ಗುಂಡ್ಲುಪೇಟೆಯವರೆಗೆ ಅವರ ಪ್ರಯಾಣದಲ್ಲಿ ಪ್ರದೇಶದ ತೊಡಕಿಲ್ಲ. ಆದರೆ ಪರವಾನಗಿ ಜೊತೆಯಲ್ಲಿ ಇಲ್ಲದಿರುವುದೇ ಮೊದಲ ತಪ್ಪು. ಆಯುಧ ಒಯ್ಯುತ್ತಿರುವ ಯಾರನ್ನೇ ಆಗಲಿ ಪರವಾನಗಿ ತೋರಿಸುವಂತೆ ಕೇಳುವ ಅಧಿಕಾರವನ್ನು ಕಾಯ್ದೆಯ 19ನೇ ಕಲಂ ಪೊಲೀಸ್ ಅಧಿಕಾರಿಗೆ ನೀಡಿದೆ. ತೋರಿಸಲಾಗದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಹೆಸರು, ವಿಳಾಸ ಹೇಳಲು ನಿರಾಕರಿಸಿದರೆ ಬಂಧಿಸಲೂಬಹುದು. ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿರುವುದು ಎರಡನೆಯ ತಪ್ಪು. ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಆಯುಧವು ಅದಕ್ಕೆಂದೇ ಮಾಡಿದ ಚೀಲದಲ್ಲಿ ಅಥವಾ ಒರೆಯಲ್ಲಿ ಪೂರ್ಣ ಮುಚ್ಚಿದ್ದು, ಪರವಾನಗಿದಾರರ ಹತೋಟಿಯಲ್ಲಿಯೇ ಇರಬೇಕೆಂಬುದು 2016ರ ನಿಯಮಗಳ ಆಶಯ.

ಗುಂಡ್ಲುಪೇಟೆಯಿಂದ ಮುಂದೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಬರುತ್ತದೆ. ಅಲ್ಲಿಂದ ಬಂಡೀಪುರದ ಕಾಡು. ರಾಜ್ಯದ ಗಡಿ ಇನ್ನೂ ಬಂದಿಲ್ಲ. ಆದರೂ ಕಾನೂನಿನ ಮೊದಲ ದೊಡ್ಡ ಗಡಿ ಇದೇ. ಅದರ ವಿವರ ಮುಂದೆ ಬರಲಿದೆ. ಕೆಕ್ಕನಹಳ್ಳದ ಬಳಿ ಕರ್ನಾಟಕ ಮುಗಿದು ತಮಿಳುನಾಡಿನ ನೀಲಗಿರಿ ಜಿಲ್ಲೆ ಆರಂಭವಾಗುತ್ತದೆ. ಅಲ್ಲಿಗೆ ಈ ವರ್ತಕರ ಪರವಾನಗಿಯ ವ್ಯಾಪ್ತಿಯೂ ಮುಗಿಯಿತು. ಕೇರಳದ ಕಡೆಗೆ ಹೋಗುವವರಿಗೆ ಮದ್ದೂರು ಚೆಕ್‌ಪೋಸ್ಟ್ ದಾಟಿ ಮೂಲೆಹೊಳೆಗೆ ಬಂದಾಗ ಇದೇ ಮಾತು ಅನ್ವಯಿಸುತ್ತದೆ. ಚಾಮರಾಜನಗರದಿಂದ ಪುಣಜನೂರು, ಹಾಸನೂರು ಮಾರ್ಗವಾಗಿ ಸತ್ಯಮಂಗಲಕ್ಕೆ ಇಳಿಯುವವರಿಗೂ ಹಾಗೆಯೇ.

ಗಡಿಯಾಚೆ ಸಿಕ್ಕಿಬಿದ್ದರೆ

ಪರವಾನಗಿ ಇಲ್ಲದೆ ಬಂದೂಕು ಹೊಂದುವುದು ಅಥವಾ ಒಯ್ಯುವುದು 25ನೇ ಕಲಮಿನ ಅಡಿಯಲ್ಲಿ ಅಪರಾಧ. 2019ರ ತಿದ್ದುಪಡಿಗೆ ಮೊದಲು ಇದಕ್ಕೆ 1ರಿಂದ 3 ವರ್ಷಗಳ ಸೆರೆವಾಸವಿತ್ತು. ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಹಾಗೂ ದಂಡ. ಪರವಾನಗಿಯ ಷರತ್ತನ್ನು ಮುರಿದದ್ದಕ್ಕೆ 30ನೇ ಕಲಮಿನ ಅಡಿಯಲ್ಲಿ 6 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪರವಾನಗಿ ಇದ್ದೂ ಅದರ ಪ್ರದೇಶದ ಹೊರಗೆ ಆಯುಧ ಒಯ್ದವರು ಈ ಎರಡರಲ್ಲಿ ಯಾವುದಕ್ಕೆ ಗುರಿಯಾಗುತ್ತಾರೆ? ಇದು ಕೇವಲ ಷರತ್ತಿನ ಉಲ್ಲಂಘನೆ ಎಂದು ಆರೋಪಿಯ ಪರ ವಕೀಲರು ವಾದಿಸಬಹುದು, ಆ ವಾದಕ್ಕೆ ನ್ಯಾಯಾಲಯಗಳಲ್ಲಿ ಮನ್ನಣೆ ದೊರೆತದ್ದೂ ಉಂಟು. ಆದರೆ ಮೊಕದ್ದಮೆ ಹೂಡುವಾಗ ಪೊಲೀಸರು 25ನೇ ಕಲಮನ್ನೂ ಸೇರಿಸುವುದು ಉಂಟು. ಈ ಕಾಯ್ದೆಯ ಎಲ್ಲ ಅಪರಾಧಗಳೂ 38ನೇ ಕಲಮಿನ ಪ್ರಕಾರ ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದಾದಂಥವು. 5 ವರ್ಷಗಳವರೆಗೆ ಶಿಕ್ಷೆ ಇರುವ ಅಪರಾಧಕ್ಕೆ ಠಾಣೆಯಲ್ಲಿಯೇ ಜಾಮೀನು ಹಕ್ಕಾಗಿ ದೊರೆಯುವುದಿಲ್ಲ, ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ವಾದದಲ್ಲಿ ಕೊನೆಗೆ ಗೆದ್ದರೂ ಆ ವೇಳೆಗೆ ಬಂಧನ, ಆಯುಧದ ಜಪ್ತಿ, ಪರರಾಜ್ಯದ ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆದಾಟ, ವಕೀಲರ ವೆಚ್ಚ, ಅಂಗಡಿ ಮುಚ್ಚಿದ ದಿನಗಳ ನಷ್ಟ ಎಲ್ಲವೂ ಆಗಿಹೋಗಿರುತ್ತವೆ.

ಕುಟುಂಬದವರೂ ಇದರಿಂದ ಹೊರಗುಳಿಯುವುದಿಲ್ಲ. ಹಲವರು ಒಟ್ಟಾಗಿ ಬಳಸುತ್ತಿರುವ ಮನೆ ಅಥವಾ ವಾಹನದಲ್ಲಿ ಅಪರಾಧಕ್ಕೆ ಸಂಬಂಧಿಸಿದ ಆಯುಧ ಸಿಕ್ಕಿದರೆ, ಅದು ಅಲ್ಲಿರುವುದು ತಿಳಿದಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರನ್ನೂ 35ನೇ ಕಲಂ ಹೊಣೆಗಾರರನ್ನಾಗಿ ಮಾಡುತ್ತದೆ. ಅಂದರೆ ಮೇಲಿನ ಉದಾಹರಣೆಯಲ್ಲಿ ಪಕ್ಕದ ಸೀಟಿನಲ್ಲಿ ಕುಳಿತ ಭಾವಮೈದುನನೂ ಉತ್ತರ ಹೇಳಬೇಕಾದ ಪ್ರಸಂಗ ಬರಬಹುದು.

ಇಷ್ಟಲ್ಲದೆ, ಷರತ್ತು ಮುರಿದ ಕಾರಣಕ್ಕೆ ಪರವಾನಗಿಯನ್ನು ಅಮಾನತ್ತಿನಲ್ಲಿಡುವ ಅಥವಾ ರದ್ದುಪಡಿಸುವ ಅಧಿಕಾರ 17ನೇ ಕಲಮಿನ ಅಡಿಯಲ್ಲಿ ಪರವಾನಗಿ ನೀಡಿದ ಪ್ರಾಧಿಕಾರಕ್ಕಿದೆ. ನಾಲ್ಕು ದಿನಗಳ ಪ್ರವಾಸದ ಧೈರ್ಯಕ್ಕೆಂದು ಒಯ್ದ ಆಯುಧವು ಊರಿನಲ್ಲಿದ್ದ ರಕ್ಷಣೆಯನ್ನೂ ಶಾಶ್ವತವಾಗಿ ಕಳೆಯಬಹುದು.

ಕಾಡಿನ ದಾರಿಯ ಪ್ರತ್ಯೇಕ ಕಾನೂನು

ಈ ಭಾಗದ ವರ್ತಕರು ವಿಶೇಷವಾಗಿ ಗಮನಿಸಬೇಕಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕೃತ ಅಧಿಕಾರಿಯ ಪೂರ್ವಭಾವಿ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ ಎಂದು ಅದರ 31ನೇ ಕಲಂ ಹೇಳುತ್ತದೆ. ಇದೇ ನಿರ್ಬಂಧ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅಭಯಾರಣ್ಯ ಪ್ರವೇಶದ ಅನುಮತಿ ಪತ್ರ ಬೇಕಿಲ್ಲವೆಂಬುದು ನಿಜ. ಆದರೆ ಆಯುಧದ ವಿಷಯದಲ್ಲಿ ಅಂತಹ ವಿನಾಯಿತಿಯನ್ನು 31ನೇ ಕಲಂ ಹೇಳಿಲ್ಲ. ಪರವಾನಗಿಯು ಇಡೀ ಭಾರತಕ್ಕೆ ಅನ್ವಯಿಸುವಂಥದ್ದಾದರೂ ಈ ಅನುಮತಿ ಬೇರೆಯಾಗಿಯೇ ಬೇಕು.

"ಆಯುಧ" ಎಂಬ ಪದಕ್ಕೆ ಈ ಕಾಯ್ದೆ ಕೊಟ್ಟಿರುವ ಅರ್ಥವೂ ಬಹಳ ವಿಸ್ತಾರವಾದದ್ದು. ಬಂದೂಕು, ಮದ್ದುಗುಂಡುಗಳಷ್ಟೇ ಅಲ್ಲದೆ ಬಿಲ್ಲು ಬಾಣ, ಸ್ಫೋಟಕ, ಗಾಳ, ಚಾಕು, ಬಲೆ, ವಿಷ, ಉರುಳು ಮುಂತಾದವೂ ಅದರಲ್ಲಿ ಸೇರಿವೆ. ಈ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 2022ರ ತಿದ್ದುಪಡಿಯ ನಂತರ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ವಾಹನ ಜಪ್ತಿಯಾಗುವ ಸಂಭವವೂ ಇದೆ.

ಊಟಿಗಾಗಲಿ ವಯನಾಡಿಗಾಗಲಿ ಗುಂಡ್ಲುಪೇಟೆಯ ಮೂಲಕ ಹೋಗುವವರು ಬಂಡೀಪುರವನ್ನು ದಾಟದೆ ಹೋಗಲಾರರು. ಊಟಿಯ ಕಡೆ ಬಂಡೀಪುರದ ನಂತರ ಮುದುಮಲೈ, ಕೇರಳದ ಕಡೆ ವಯನಾಡು ಅಭಯಾರಣ್ಯ, ಸತ್ಯಮಂಗಲದ ಕಡೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಎದುರಾಗುತ್ತವೆ. ರಾಜ್ಯದ ಗಡಿ ದಾಟದೆ ದೇವರ ದರ್ಶನಕ್ಕೆ ಹೋಗುವವರೂ ಇದನ್ನು ಮರೆಯಲಾಗದು. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದೊಳಗಿದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಲೂ ಅಭಯಾರಣ್ಯವಿದೆ. ಜಿಲ್ಲೆಯ ಪರವಾನಗಿ ಹೊಂದಿ ಜಿಲ್ಲೆಯೊಳಗೇ ಸಂಚರಿಸಿದರೂ ಈ ದಾರಿಗಳಲ್ಲಿ ಬಂದೂಕು ಒಯ್ಯುವುದು ಅಪಾಯಕರ.

ಹೊಸದಾಗಿ ಪರವಾನಗಿಗೆ ಅರ್ಜಿ ಹಾಕುವವರಿಗೂ ಈ ಕಾಯ್ದೆಯಲ್ಲಿ ಒಂದು ಮಾತಿದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪಾಲಕರ ಪೂರ್ವಭಾವಿ ಒಪ್ಪಿಗೆ ಇಲ್ಲದೆ ಹೊಸ ಬಂದೂಕು ಪರವಾನಗಿ ನೀಡುವಂತಿಲ್ಲ ಎಂದು 34ನೇ ಕಲಂ ಹೇಳುತ್ತದೆ. ಕಾಡಂಚಿನ ಗ್ರಾಮಗಳ ಅರ್ಜಿಗಳು ವಿಳಂಬವಾಗುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಕೊಡಗಿನ ಮಾದರಿ ಎಲ್ಲರಿಗೂ ಅನ್ವಯಿಸದು

"ಕೊಡಗಿನವರು ಪರವಾನಗಿ ಇಲ್ಲದೆಯೇ ಕೋವಿ ಇಟ್ಟುಕೊಳ್ಳುವುದಿಲ್ಲವೇ?" ಎಂಬ ಪ್ರಶ್ನೆ ಕೇಳಿಬರುವುದುಂಟು. ಕೊಡವ ಜನಾಂಗದವರಿಗೆ ಹಾಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿಗೆ ಬ್ರಿಟಿಷರ ಕಾಲದ ಹಿನ್ನೆಲೆ ಇದೆ. 2019ರ ಅಧಿಸೂಚನೆಯಂತೆ ಅದು 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ಈ ವಿನಾಯಿತಿ ನಿರ್ದಿಷ್ಟ ಜನರಿಗೆ, ನಿರ್ದಿಷ್ಟ ಬಗೆಯ ಬಂದೂಕುಗಳಿಗೆ, ಷರತ್ತುಗಳೊಂದಿಗೆ ನೀಡಿದ್ದು. ಕೊಡಗಿನಲ್ಲಿ ಕಾಫಿ ತೋಟ ಕೊಂಡ ಅಥವಾ ಅಲ್ಲಿ ವ್ಯಾಪಾರ ಮಾಡುವ ಹೊರಗಿನ ವರ್ತಕರಿಗೆ ಅದು ತಾನಾಗಿ ಬರುವುದಿಲ್ಲ. ವಿನಾಯಿತಿ ಉಳ್ಳವರೂ ಅಭಯಾರಣ್ಯದ ನಿರ್ಬಂಧದಿಂದ ಮುಕ್ತರಲ್ಲ.

ಚಾಕು, ಏರ್‌ಗನ್, ಮೆಣಸಿನ ಸ್ಪ್ರೇ

ಬಂದೂಕು ಬೇಡವೆಂದು ಬೇರೆ ಸಾಧನ ಒಯ್ಯುವವರು ಅವುಗಳ ಸ್ಥಿತಿಯನ್ನೂ ತಿಳಿದಿರಬೇಕು. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿ, ಚೂರಿಗಳನ್ನು ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸಿವೆ. ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವುಗಳಿಗೂ ಪರವಾನಗಿ ಬೇಕು. ಮನೆಗೆಲಸಕ್ಕೆ, ವ್ಯವಸಾಯಕ್ಕೆ, ಕೈಗಾರಿಕೆಗೆಂದು ಮಾಡಿದವು ಈ ಪಟ್ಟಿಯ ಹೊರಗಿವೆ. ತೆಂಗಿನಕಾಯಿ ಕೆತ್ತುವ ಮಚ್ಚು ಅಂಗಡಿಯಲ್ಲಿದ್ದರೆ ಕೇಳುವವರಿಲ್ಲ. ಅದೇ ಮಚ್ಚು ರಾತ್ರಿಯ ವೇಳೆ ಕಾರಿನ ಸೀಟಿನ ಕೆಳಗಿದ್ದರೆ ವಿವರಣೆ ಕೊಡಬೇಕಾಗುತ್ತದೆ.

20 ಜೂಲ್‌ಗಿಂತ ಕಡಿಮೆ ಶಕ್ತಿಯ, 0.177 ಅಂಗುಲದ ಕೊಳವೆಯ ಏರ್‌ಗನ್‌ಗಳಿಗೆ ಶಸ್ತ್ರಾಸ್ತ್ರ ಪರವಾನಗಿ ಬೇಕಿಲ್ಲ. ಆದರೆ ಹಕ್ಕಿಯನ್ನು ಕೊಲ್ಲಬಲ್ಲ ಯಾವುದೇ ಸಾಧನವೂ ವನ್ಯಜೀವಿ ಕಾಯ್ದೆಯಡಿ ಆಯುಧವೇ. ಮಕ್ಕಳ ಮೋಜಿಗೆಂದು ಅದನ್ನು ಬಂಡೀಪುರದ ದಾರಿಯಲ್ಲಿ ಒಯ್ಯುವುದು ಸಲ್ಲದು.

ಮೆಣಸಿನ ಸ್ಪ್ರೇ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲವಾದರೂ ಅದನ್ನು ಬಳಸುವ ಸಂದರ್ಭ ಮುಖ್ಯವಾಗುತ್ತದೆ. ವಾಗ್ವಾದವೊಂದರಲ್ಲಿ ಅದನ್ನು ಪ್ರಯೋಗಿಸಿದ ಪ್ರಕರಣದಲ್ಲಿ 2024ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಬಹುದೆಂದು ಹೇಳಿ ಮೊಕದ್ದಮೆಯನ್ನು ರದ್ದುಪಡಿಸಲು ನಿರಾಕರಿಸಿತು.

ಆತ್ಮರಕ್ಷಣೆಯ ಹಕ್ಕು ಎಲ್ಲಿಯವರೆಗೆ?

ಪ್ರಾಣ ಮತ್ತು ಆಸ್ತಿಯನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಕಾನೂನು ಎಲ್ಲರಿಗೂ ಕೊಟ್ಟಿದೆ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಮುಂದುವರಿದಿದೆ. ದರೋಡೆಯ ಸಂದರ್ಭದಲ್ಲಿಯೂ ಇದು ಅನ್ವಯಿಸುತ್ತದೆ. ಆದರೆ ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದಾಗ ಈ ಹಕ್ಕು ಇರುವುದಿಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತೆಯೂ ಇಲ್ಲ. ವಾಹನ ನಿಲ್ಲಿಸುವ ಜಾಗಕ್ಕಾಗಿ ನಡೆದ ಜಗಳದಲ್ಲಿ, ಹೋಟೆಲಿನ ಮಾತಿನ ಚಕಮಕಿಯಲ್ಲಿ ಬಂದೂಕು ತೋರಿಸುವುದು ಆತ್ಮರಕ್ಷಣೆ ಎನಿಸದು. ಮದುವೆ, ಹೊಸ ವರ್ಷದ ಸಂಭ್ರಮಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ಒಡ್ಡುವುದಕ್ಕೆ 2019ರ ತಿದ್ದುಪಡಿಯು 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಗೊತ್ತುಪಡಿಸಿದೆ.

ಈ ಭಾಗದ ಹೆದರಿಕೆಗೆ ಚರಿತ್ರೆಯ ಕಾರಣಗಳೂ ಇವೆ. 2000ದ ಜುಲೈನಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣ, 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ ಜನರ ನೆನಪಿನಿಂದ ಮಾಸಿಲ್ಲ. ವೀರಪ್ಪನ್ 2004ರ ಅಕ್ಟೋಬರ್ 18ರಂದು ಹತನಾದ ನಂತರ ಆ ಕಾಲ ಮುಗಿಯಿತು. ಈಗ ಈ ದಾರಿಗಳಲ್ಲಿ ಪ್ರಯಾಣಿಕರು ಹೆಚ್ಚಾಗಿ ಎಚ್ಚರ ವಹಿಸಬೇಕಾದದ್ದು ತಿರುವುಗಳು, ವೇಗ ಮತ್ತು ಆನೆಗಳ ಬಗ್ಗೆ. ಇವಕ್ಕೆ ಬಂದೂಕು ಮದ್ದಲ್ಲ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ. ಸಂಜೆಗೆ ಮೊದಲೇ ಕಾಡು ದಾಟುವುದು, ಕಾಡಿನಲ್ಲಿ ವಾಹನ ನಿಲ್ಲಿಸದಿರುವುದು, ಪ್ರಾಣಿಗಳಿಗೆ ತಿಂಡಿ ಎಸೆಯದಿರುವುದು ಇವೇ ಇಲ್ಲಿನ ನಿಜವಾದ ರಕ್ಷಣೆ.

ಬಂದೂಕನ್ನು ಬಿಟ್ಟುಹೋಗುವುದೆಲ್ಲಿ?

ಪ್ರವಾಸಕ್ಕೆ ಒಯ್ಯುವಂತಿಲ್ಲವೆಂದ ಮೇಲೆ ಬೀಗ ಹಾಕಿದ ಮನೆಯಲ್ಲಿ ಬಿಟ್ಟುಹೋಗಲು ಅನೇಕರು ಅಂಜುತ್ತಾರೆ. ಅಂಜಿಕೆ ನ್ಯಾಯವಾದದ್ದೇ, ಕಳುವಾದ ಬಂದೂಕು ಯಾರ ಕೈ ಸೇರುವುದೋ ತಿಳಿಯದು. ಇದಕ್ಕೆ ಕಾನೂನೇ ದಾರಿ ತೋರಿಸಿದೆ. ಪರವಾನಗಿದಾರರು ತಮ್ಮ ಆಯುಧವನ್ನು ಸುರಕ್ಷತೆಗಾಗಿ ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿಯಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬಹುದು. ಆಯುಧದ ಕ್ರಮಸಂಖ್ಯೆ, ಗುಂಡುಗಳ ಸಂಖ್ಯೆ, ದಿನಾಂಕ ಬರೆದ ರಸೀದಿಯನ್ನು ತಪ್ಪದೆ ಪಡೆಯಬೇಕು. ಪರವಾನಗಿ ಇಲ್ಲದ ನೆಂಟರ ಅಥವಾ ಪಕ್ಕದ ಅಂಗಡಿಯವರ ವಶಕ್ಕೆ ಕೊಡುವುದು ಕೊಟ್ಟವರಿಗೂ ಪಡೆದವರಿಗೂ ತೊಂದರೆ ತರುತ್ತದೆ. ಊಟಿಯ ವಸತಿಗೃಹದ ಲಾಕರಿಗೂ ಇದೇ ಮಾತು ಅನ್ವಯಿಸುತ್ತದೆ.

ವ್ಯಾಪಾರದ ನಿಮಿತ್ತ ಆಯುಧದೊಂದಿಗೆ ಗಡಿ ದಾಟಲೇಬೇಕಾದ ನಿಜವಾದ ಅಗತ್ಯವಿರುವವರು ಪರವಾನಗಿಯ ವ್ಯಾಪ್ತಿ ವಿಸ್ತರಣೆಗೆ ಕಾರಣ ಮತ್ತು ದಾಖಲೆಗಳೊಂದಿಗೆ ಪರವಾನಗಿ ಪ್ರಾಧಿಕಾರಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಅರ್ಜಿ ಹಾಕಿದ್ದೇ ಅನುಮತಿಯಲ್ಲ; ಪರವಾನಗಿಯಲ್ಲಿ ದಾಖಲಾದ ಮೇಲಷ್ಟೇ ಅದಕ್ಕೆ ಬೆಲೆ.

ವಿಮಾನದಲ್ಲಿ ಹೋಗುವವರು ಆಯುಧವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ, ಗುಂಡು ತೆಗೆದು, ಪರವಾನಗಿ ತೋರಿಸಿ ಪ್ರತ್ಯೇಕವಾಗಿ ಒಪ್ಪಿಸಬೇಕು. ಹಳೆಯ ಚೀಲದ ಮೂಲೆಯಲ್ಲಿ ಮರೆತುಹೋದ ಒಂದು ಗುಂಡಿನಿಂದ ವಿಮಾನ ನಿಲ್ದಾಣದಲ್ಲಿ ಮೊಕದ್ದಮೆಯಾದ ಪ್ರಸಂಗಗಳು ದೇಶದಲ್ಲಿ ಅನೇಕ. ಹೊಂದಿರುವುದು ಎಂದರೆ ಅರಿವಿನೊಂದಿಗೆ ಹೊಂದಿರುವುದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಲ್ಲಿ ಗುನ್ವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಅರಿವಿರಲಿಲ್ಲವೆಂದು ತೋರಿಸಿಕೊಡುವಷ್ಟರಲ್ಲಿ ವಿಮಾನ ಹೊರಟುಹೋಗಿರುತ್ತದೆ.

ಹಣದ ರಕ್ಷಣೆಗೆ ಬೇರೆ ದಾರಿಗಳು

ವರ್ತಕರು ಬಂದೂಕು ಒಯ್ಯಲು ಮುಖ್ಯ ಕಾರಣ ನಗದು ಹಣ. ಆ ಕಾರಣವನ್ನೇ ಕಡಿಮೆ ಮಾಡಿಕೊಂಡರೆ ಬಂದೂಕಿನ ಅಗತ್ಯವೂ ಕಡಿಮೆಯಾಗುತ್ತದೆ. ಗಡಿಯಾಚೆಯ ಖರೀದಿದಾರರಿಂದ ಬ್ಯಾಂಕಿನ ಮೂಲಕವೇ ಹಣ ತರಿಸಿಕೊಳ್ಳುವುದು ಮೊದಲ ದಾರಿ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ನಿಷೇಧಿಸಿರುವುದರಿಂದ ದೊಡ್ಡ ವಹಿವಾಟಿಗೆ ಇದು ಅನಿವಾರ್ಯವೂ ಹೌದು. ಹಣ ಸಾಗಾಟದ ವಿಮೆ ಎರಡನೆಯ ದಾರಿ. ವಿಮಾ ಸಂಸ್ಥೆಗಳು ಅಂಗಡಿಯಿಂದ ಬ್ಯಾಂಕಿಗೆ ಒಯ್ಯುವ ಹಣಕ್ಕೂ ವಿಮೆ ನೀಡುತ್ತವೆ. ಷರತ್ತುಗಳನ್ನು ಓದಿ ಸಹಿ ಮಾಡಬೇಕು. ಒಬ್ಬರೇ ಹೋಗದಿರುವುದು, ಹೋಗುವ ವೇಳೆ ಮತ್ತು ದಾರಿಯನ್ನು ಸಾರಿ ಹೇಳದಿರುವುದು ಖರ್ಚಿಲ್ಲದ ಎಚ್ಚರಿಕೆಗಳು. ಮೂರೂ ರಾಜ್ಯಗಳಲ್ಲಿ ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಚುನಾವಣೆಯ ಕಾಲದಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಆಗ ಪರಿಶೀಲನಾ ಸಮಿತಿಯ ತೀರ್ಮಾನದಂತೆ ಬಂದೂಕು ಠೇವಣಿ ಇಡುವಂತೆ ಆದೇಶ ಬರಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ ಅಡಿಯಲ್ಲಿ ನಿಷೇಧಾಜ್ಞೆ ಇರಬಹುದು. 50,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಚೆಕ್‌ಪೋಸ್ಟಿನಲ್ಲಿ ದಾಖಲೆ ಕೇಳುವುದು ರೂಢಿ. ಕರ್ನಾಟಕದಲ್ಲಿ ಚುನಾವಣೆ ಇಲ್ಲದಿದ್ದರೂ ತಮಿಳುನಾಡು, ಕೇರಳಗಳಲ್ಲಿ ಇರಬಹುದೆಂಬುದನ್ನು ಗಡಿನಾಡಿನ ವರ್ತಕರು ನೆನಪಿಡಬೇಕು.

ಹೊರಡುವ ಮುನ್ನ ಗಮನಿಸಬೇಕಾದ ಅಂಶಗಳು

1. ಪರವಾನಗಿಯಲ್ಲಿ ಪ್ರದೇಶ, ಉದ್ದೇಶ, ಅವಧಿ ಮತ್ತು ವಿಶಿಷ್ಟ ಗುರುತಿನ ಸಂಖ್ಯೆ ಇವೆಯೇ ಎಂದು ನೋಡುವುದು.

2. ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸುವುದು.

3. ಗಡಿಯಾಚೆಗೆ ಅಥವಾ ಕಾಡಿನ ದಾರಿಯಲ್ಲಿ ಹೋಗುವುದಾದರೆ ಆಯುಧವನ್ನು ಠೇವಣಿ ಇಟ್ಟು ರಸೀದಿ ಪಡೆಯುವುದು.

4. ಕಾರು, ಚೀಲ, ಕೋಟುಗಳಲ್ಲಿ ಗುಂಡುಗಳೇನಾದರೂ ಉಳಿದಿವೆಯೇ ಎಂದು ಹುಡುಕಿ ನೋಡುವುದು.

5. ಚಾಲಕರಿಗೆ, ಕೆಲಸಗಾರರಿಗೆ ಆಯುಧ ಒಪ್ಪಿಸದಿರುವುದು.

6. ತಪಾಸಣೆಯಲ್ಲಿ ಕೇಳಿದಾಗ ಆಯುಧವಿದ್ದರೆ ಮುಚ್ಚಿಡದೆ ಹೇಳಿ, ದಾಖಲೆ ತೋರಿಸಿ, ವಾಗ್ವಾದಕ್ಕಿಳಿಯದೆ ವಕೀಲರನ್ನು ಸಂಪರ್ಕಿಸುವುದು.

7. ಅನುಮಾನವಿದ್ದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಶಸ್ತ್ರಾಸ್ತ್ರ ಪರವಾನಗಿ ಶಾಖೆಯಲ್ಲಿ ಮೊದಲೇ ವಿಚಾರಿಸಿ, ಉತ್ತರವನ್ನು ಸಾಧ್ಯವಾದಷ್ಟು ಬರಹದಲ್ಲಿ ಪಡೆಯುವುದು.

ಸರಕು ಸಾಗಿಸುವಾಗ ಲಾರಿಯ ಪರ್ಮಿಟ್, ಇ-ವೇ ಬಿಲ್, ತೂಕದ ಚೀಟಿಗಳನ್ನು ವರ್ತಕರು ಒಂದೊಂದಾಗಿ ನೋಡಿಕೊಳ್ಳುತ್ತಾರೆ. ಒಂದು ರಾಜ್ಯದ ಪರ್ಮಿಟ್ ಇನ್ನೊಂದು ರಾಜ್ಯದಲ್ಲಿ ನಡೆಯದೆಂಬುದು ಲಾರಿಯ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದೂಕಿನ ವಿಷಯದಲ್ಲಿಯೂ ಅದೇ ಲೆಕ್ಕ. ವ್ಯತ್ಯಾಸವೆಂದರೆ ಲಾರಿಯ ತಪ್ಪು ಸಾಮಾನ್ಯವಾಗಿ ದಂಡದಲ್ಲಿ ಮುಗಿಯುತ್ತದೆ, ಬಂದೂಕಿನ ತಪ್ಪು ಸೆರೆಮನೆಯವರೆಗೂ ಒಯ್ಯಬಲ್ಲದು. ರಜೆಯ ದಿನಗಳಲ್ಲಿ ಬಂದೂಕು ಊರಿನಲ್ಲಿಯೇ, ಕಾನೂನುಬದ್ಧ ಠೇವಣಿಯಲ್ಲಿ ಉಳಿಯುವುದೇ ವರ್ತಕರಿಗೂ ಅವರ ಸಂಸಾರಕ್ಕೂ ಕ್ಷೇಮ.